ಉಪ್ಪು ನೆಲದ ಸೊಪ್ಪು ಮತ್ತು ನಮ್ಮ ಆರೋಗ್ಯ

(ಸಂಘದ ತಿಂಗಳ ಕೂಟದಲ್ಲಿ ಡೊಂಬಿವಲಿಯಲ್ಲಿ ಮಾಡಿದ ಭಾಷಣ. ರಾತ್ರಿಪಾಳಿಯ ಕಾರಣ ಬರಲಾಗದವರ ಅನುಕೂಲಕ್ಕಾಗಿ ಇಲ್ಲಿ ಅಚ್ಚುಹಾಕಿದೆ.)



ಹೋದ ತಿಂಗಳ ಕೂಟ ಮುಗಿಯುವ ಹೊತ್ತಿಗೆ ಗಿರಣಿ ಕಾಲದ ಹಿರಿಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಹಾಕಿದರು. “ಖಾಡಿಯ ಅಂಚಿನಲ್ಲಿ ಉಪ್ಪುನೀರು ಕುಡಿದು ಬೆಳೆಯುವ ಸೊಪ್ಪು ಎಲ್ಲ ರೋಗಕ್ಕೂ ಮದ್ದು ಅಂತ ಜನ ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ, ಗಂಟುನೋವಿಗೆ. ಇದು ನಿಜವೋ ಸುಳ್ಳೋ, ಸಂಘದವರು ತಿಳಿದು ಹೇಳಬೇಕು” ಎಂದರು. ಅಂದು ಉತ್ತರ ಕೊಡಲು ನಮ್ಮ ನಾಲಗೆ ಏಳಲಿಲ್ಲ. ಅದಕ್ಕೆ ಕಾರಣವುಂಟು, ಅದನ್ನು ಮುಂದೆ ಹೇಳುತ್ತೇವೆ. ಒಂದು ತಿಂಗಳ ಅವಕಾಶ ಬೇಡಿಕೊಂಡೆವು. ಆ ತಿಂಗಳಲ್ಲಿ ಮಾರುಕಟ್ಟೆಯ ಕೋಳಿ, ಆಗ್ರಿ ಹೆಂಗಸರನ್ನು ಕೇಳಿದೆವು, ಒಬ್ಬ ಆಯುರ್ವೇದ ಪಂಡಿತರನ್ನು ಕಂಡೆವು, ನಗರಪಾಲಿಕೆ ದವಾಖಾನೆಯ ಡಾಕ್ಟರರ ಬಾಗಿಲಲ್ಲಿ ಸಾಲು ನಿಂತೆವು, ಸಿಕ್ಕಿದ ಪುಸ್ತಕ ಓದಿದೆವು.

ನಾವು ವೈದ್ಯರಲ್ಲ. ಏಳನೆಯ ತರಗತಿ ಮುಗಿಸಿ ಊರು ಬಿಟ್ಟು, ಮೊದಲು ಹೋಟೆಲಿನ ಮೋರಿಯಲ್ಲಿ ಲೋಟ ತಟ್ಟೆ ತೊಳೆದು, ಆಮೇಲೆ ಟೇಬಲು ಒರೆಸಿ, ಕೊನೆಗೆ ಸಂಘದ ಚಂದಾ ಪುಸ್ತಕ ಹಿಡಿದವರು. ಆದಕಾರಣ ನಮ್ಮ ಮಾತಿನಲ್ಲಿ ಪಾಂಡಿತ್ಯವನ್ನು ಯಾರೂ ಹುಡುಕಬೇಡಿ. ಕೇಳಿ ತಿಳಿದದ್ದನ್ನು ಒಲೆಯ ಮುಂದಿನ ಭಾಷೆಯಲ್ಲಿ ಹೇಳುತ್ತೇವೆ.

ಮೊದಲು ಗಿಡಗಳನ್ನು ಗುರುತಿಸೋಣ. ವಾಶಿ ಸೇತುವೆಯ ಮೇಲೆ ಲೋಕಲ್ ಹೋಗುವಾಗ, ಐರೋಲಿಯ ಸೇತುವೆ ದಾಟುವಾಗ, ಇತ್ತ ದಿವಾ–ಕೋಪರ್ ನಡುವೆ ಕಿಟಕಿಯಿಂದ ನೋಡಿದಾಗ ಕಾಣುವ ಹಸುರು ಯಾವುದು? ನಮ್ಮ ಕುಂದಾಪುರ, ಹೊನ್ನಾವರದ ಕಡೆಯವರಿಗೆ ಇದು ಹೊಸತಲ್ಲ. ಅಲ್ಲಿ ಅಳಿವೆಯ ದಂಡೆಯ ಗಿಡವನ್ನು ಕಾಂಡ್ಲ ಅನ್ನುತ್ತೇವೆ. ಇಲ್ಲಿ ಠಾಣೆ ಖಾಡಿಯಲ್ಲಿ ಹೆಚ್ಚಾಗಿರುವುದು ತಿವರ್. ನಮ್ಮ ಕಡೆ ಉಪ್ಪಟ್ಟಿ ಎಂದು ಕರೆಯುವ ಮರ ಅದೇ. ಅದರ ಬೇರುಗಳು ಕೆಸರಿನಿಂದ ಪೆನ್ಸಿಲು ನೆಟ್ಟಂತೆ ಮೇಲಕ್ಕೆ ಎದ್ದು ಉಸಿರಾಡುತ್ತವೆ. ಅದರ ಸಂದಿಯಲ್ಲಿ ಮುಳ್ಳೆಲೆಯ ಹೊಳೆಚುಳ್ಳಿ ಬೆಳೆಯುತ್ತದೆ. ಉಬ್ಬರದ ನೀರು ಅಪರೂಪಕ್ಕೆ ಬರುವ ಬಯಲಿನಲ್ಲಿ, ಹಳೆಯ ಉಪ್ಪಿನಗದ್ದೆಗಳ ಬದುವಿನಲ್ಲಿ, ನೆಲಕ್ಕೆ ಅಂಟಿಕೊಂಡು ದಪ್ಪ ರಸಭರಿತ ಎಲೆಯ ಗಿಡಗಳು ಹಬ್ಬುತ್ತವೆ. ಅವುಗಳಲ್ಲೊಂದು ಮೋರಸ್. ಕೆಲವು ಪೇಟೆಗಳಲ್ಲಿ ಆಗ್ರಿ ಹೆಂಗಸರು ಕಟ್ಟು ಕಟ್ಟಿ ಮಾರುವ ಸೊಪ್ಪು ಇದೇ.

ಉಪ್ಪು ಸೋಕಿದರೆ ಬಾಳೆ ಬಾಡುತ್ತದೆ, ಭತ್ತ ಸಾಯುತ್ತದೆ. ಹೀಗಿರುವಾಗ ಈ ಗಿಡಗಳು ಬದುಕುವುದು ಹೇಗೆ? ಇದನ್ನು ತಿಳಿದರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ. ಅವುಗಳಲ್ಲಿ ಮೂರು ಪದ್ಧತಿಗಳಿವೆ. ಕಾಂಡ್ಲದ ಗಿಡ ಬೇರಿನಲ್ಲಿಯೇ ಬಹುಪಾಲು ಉಪ್ಪನ್ನು ತಡೆಯುತ್ತದೆ. ಬೇಡದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ತಿವರ್ ಮತ್ತು ಹೊಳೆಚುಳ್ಳಿ ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಬೆವರಿನಂತೆ ಹೊರಹಾಕುತ್ತವೆ. ತಿವರದ ಎಲೆಯನ್ನು ನೆಕ್ಕಿ ನೋಡಿದರೆ ಉಪ್ಪಿನ ಹರಳು ನಾಲಗೆಗೆ ಹತ್ತುತ್ತದೆ. ಮೂರನೆಯದು ಮೋರಸ್ಸಿನ ಪದ್ಧತಿ. ಅದು ಉಪ್ಪನ್ನು ತಡೆಯುವುದೂ ಇಲ್ಲ, ಚೆಲ್ಲುವುದೂ ಇಲ್ಲ. ಎಲೆಯನ್ನೇ ಗೋದಾಮು ಮಾಡಿಕೊಂಡು, ನೀರು ತುಂಬಿಸಿ, ಅದರಲ್ಲಿ ಉಪ್ಪನ್ನು ಕೂಡಿಡುತ್ತದೆ. ನಾವು ತಿನ್ನುವುದು ಆ ಗೋದಾಮನ್ನು. ಈ ಮಾತನ್ನು ನೆನಪಿನಲ್ಲಿಡಿ.

ಇನ್ನು ಔಷಧಿಯ ವಿಚಾರ. ಜನ ಸುಮ್ಮನೆ ಮಾತನಾಡುತ್ತಾರೆ ಎಂದು ತಳ್ಳಿಹಾಕುವುದು ತಪ್ಪು. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತ ಮಲಬಾರಿನ ಸಸ್ಯಗಳ ಮೇಲೆ ‘ಹೋರ್ತುಸ್ ಮಲಬಾರಿಕುಸ್’ ಎಂಬ 12 ಸಂಪುಟಗಳ ಗ್ರಂಥವನ್ನು 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚುಹಾಕಿಸಿದ. ಅವನಿಗೆ ಗಿಡದ ಗುಣ ಹೇಳಿಕೊಟ್ಟವರು ಯಾರು? ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗಳು. ಕಾಂಡ್ಲದ ಜಾತಿಗೆ ಅಲ್ಲಿ ‘ಕಂಡೆಲ್’ ಎಂದೇ ಹೆಸರು. ಇಂದಿಗೂ ಸಸ್ಯಶಾಸ್ತ್ರದಲ್ಲಿ ಒಂದು ಕುಲಕ್ಕೆ ಕಂಡೇಲಿಯಾ ಎಂದೇ ಹೆಸರಿದೆ. ನಮ್ಮ ಕರಾವಳಿಯವರ ಬಾಯಿಮಾತು ಲೋಕದ ಶಾಸ್ತ್ರಕ್ಕೆ ಹೋದ ಬಗೆ ಇದು. ಮುಂದೆ 1918ರಲ್ಲಿ ಕೀರ್ತಿಕರ್ ಮತ್ತು ಬಸು ಎಂಬ ಇಬ್ಬರು ಸೈನ್ಯದ ವೈದ್ಯರ ಹೆಸರಿನಲ್ಲಿ ಭಾರತದ ಔಷಧಿ ಸಸ್ಯಗಳ ದೊಡ್ಡ ಗ್ರಂಥ ಬಂತು. ಈ ಖಾಡಿಯ ಗಿಡಗಳ ಹೆಸರೂ ಅದರಲ್ಲಿವೆ.

ಒಂದೊಂದಾಗಿ ನೋಡೋಣ. ಹೊಳೆಚುಳ್ಳಿಯ ಎಲೆಯನ್ನು ಬಿಸಿಮಾಡಿ ಕೀಲುನೋವಿಗೆ ಶಾಖ ಕೊಡುವುದು ಕರಾವಳಿಯ ಹಳೆಯ ರೂಢಿ. ದಿನವಿಡೀ ನಿಂತು ಮೊಣಕಾಲು ಬಾತವರಿಗೆ ಶಾಖದಿಂದ ಹಿತವಾಗುತ್ತದೆ, ಅಪಾಯವೂ ಕಡಿಮೆ. ಕಾಂಡ್ಲ ಮತ್ತು ತಿವರದ ತೊಗಟೆ ಬಲು ಒಗರು. ಒಗರು ವಸ್ತು ಚರ್ಮವನ್ನು ಬಿಗಿಮಾಡುತ್ತದೆ, ರಸಿಕೆ ನಿಲ್ಲಿಸುತ್ತದೆ. ಆದ್ದರಿಂದಲೇ ತೊಗಟೆಯ ಕಷಾಯವನ್ನು ಹುಣ್ಣಿಗೂ ಭೇದಿಗೂ ಬಳಸಿದರು, ಚರ್ಮ ಹದಮಾಡುವುದಕ್ಕೂ ಬಳಸಿದರು. ಕಾಂಡ್ಲದ ತೊಗಟೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತು ಹಳೆಯ ಪುಸ್ತಕಗಳಲ್ಲಿಯೂ ಇದೆ. ಹಿರಿಯರು ಕೇಳಿದ ಸುದ್ದಿಯ ಮೂಲ ಬಹುಶಃ ಇದೇ. ಈಚಿನ ದಿನಗಳಲ್ಲಿ ಪ್ರಯೋಗಶಾಲೆಯಲ್ಲಿ ಇಲಿಗಳ ಮೇಲೆ ಪರೀಕ್ಷೆಯೂ ನಡೆದಿದೆ, ಸಕ್ಕರೆ ಇಳಿದದ್ದೂ ಕಂಡಿದೆ. ಆದರೆ ಇಲಿಗೆ ಕೊಟ್ಟದ್ದು ಅಳೆದು ತೂಗಿದ ಸಾರ. ನಾವು ಕುಡಿಯುವುದು ಅಂದಾಜಿನ ಕಷಾಯ. ಎರಡೂ ಒಂದೇ ಎನ್ನುವಂತಿಲ್ಲ.

ಊರಿನ ಕಡಲತೀರದ ಮರಳಿನಲ್ಲಿ ಹಬ್ಬುವ, ನೇರಳೆ ಹೂವಿನ ಅಡುಂಬು ಬಳ್ಳಿಯನ್ನು ನೀವೆಲ್ಲ ಕಂಡಿದ್ದೀರಿ. ಥಾಯ್ಲೆಂಡಿನ ಮೀನುಗಾರರು ಅದರ ಎಲೆಯನ್ನು ಅಂಬಲಿಮೀನು ಸೋಕಿ ಉರಿಯುವ ಚರ್ಮಕ್ಕೆ ಹಚ್ಚುತ್ತಿದ್ದರು. ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿ, ಉರಿ ಶಮನ ಮಾಡುವ ಗುಣ ಇದರಲ್ಲಿರುವುದನ್ನು ಕಂಡುಕೊಂಡರು. ಇನ್ನೊಂದು ಗಿಡ ಪೀಲು, ಮರಾಠಿಯಲ್ಲಿ ಖಾಕಣ್. ಉಪ್ಪುನೆಲದ ಈ ಮರದ ಕಡ್ಡಿಯನ್ನೇ ನಮ್ಮ ಮುಸಲ್ಮಾನ ಬಂಧುಗಳು ಮಿಸ್ವಾಕ್ ಎಂದು ಹಲ್ಲುಜ್ಜಲು ಬಳಸುತ್ತಾರೆ. ಮುಂಬ್ರಾ, ಭಿವಂಡಿಯ ಮಸೀದಿಗಳ ಮುಂದೆ ಮಾರಾಟಕ್ಕಿರುತ್ತದೆ. ಈ ರೂಢಿ ಇರುವಲ್ಲಿ ಅದನ್ನು ಮುಂದುವರಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ತಂಬಾಕು ಜಗಿದು ಒಸಡು ಕೆಡಿಸಿಕೊಂಡವರು ನಮ್ಮಲ್ಲಿ ಬಹಳ. ಗುಟಖಾ ಈ ರಾಜ್ಯದಲ್ಲಿ 2012ರಿಂದ ನಿಷಿದ್ಧ, ಆದರೂ ಜೇಬಿನಿಂದ ಹೋಗಿಲ್ಲ. ಬಾಯಿಗೆ ಏನಾದರೂ ಬೇಕೇಬೇಕು ಎನ್ನುವವರು ಆ ಪುಡಿ ಬಿಟ್ಟು ಈ ಕಡ್ಡಿ ಹಿಡಿಯಲಿ.

ಸೊಪ್ಪುಗಳಲ್ಲಿ ಮೋರಸ್ ಅಲ್ಲದೆ ಘೋಳ್ ಇದೆ. ಊರಿನಲ್ಲಿ ಗೋಣಿಸೊಪ್ಪು ಅನ್ನುತ್ತೇವೆ. ಇದು ಉಪ್ಪು ನೆಲವನ್ನೂ ತಕ್ಕಮಟ್ಟಿಗೆ ತಾಳುತ್ತದೆ, ಸಿಹಿ ನೆಲದಲ್ಲೂ ಬೆಳೆಯುತ್ತದೆ. ಮೀನಿನೆಣ್ಣೆಯ ಬಳಗಕ್ಕೆ ಸೇರಿದ, ಹೃದಯಕ್ಕೆ ಒಳ್ಳೆಯದಾದ ಒಂದು ಜಿಡ್ಡಿನಂಶ ಈ ಬಡಸೊಪ್ಪಿನಲ್ಲಿ ಧಾರಾಳವಾಗಿದೆ. ಆದರೆ ಮೂತ್ರಕೋಶದಲ್ಲಿ ಕಲ್ಲು ಇರುವವರಿಗೆ ಇದು ಆಗದು. ಕಲ್ಲು ಕಟ್ಟುವ ಆಕ್ಸಲೇಟ್ ಎಂಬ ಅಂಶವೂ ಇದರಲ್ಲಿ ಹೆಚ್ಚು. ಒಂದೇ ಎಲೆ ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಅಹಿತ.

ಹಾಗಾದರೆ ಯಾವ ಮಾತು ನಿಜ, ಯಾವುದು ಸುಳ್ಳು ಎಂದು ತಿಳಿಯುವುದು ಹೇಗೆ? ಕಾರ್ಮಿಕರಿಗೆ ಸಂಬಂಧಿಸಿದ ಒಂದು ಕಥೆ ಹೇಳುತ್ತೇವೆ. ಹಿಂದೆ ಯುರೋಪಿನ ಹಡಗಿನ ಕೂಲಿಗಳಿಗೆ ತಿಂಗಳುಗಟ್ಟಲೆ ಒಣ ರೊಟ್ಟಿ, ಉಪ್ಪುಹಾಕಿದ ಮಾಂಸವೇ ಗತಿ. ಒಸಡು ಕೊಳೆತು, ಹಲ್ಲು ಉದುರಿ, ಸಾವಿರಾರು ಜನ ಸ್ಕರ್ವಿ ಎಂಬ ರೋಗದಿಂದ ಸತ್ತರು. ದಡ ಮುಟ್ಟಿದ ನಾವಿಕರು ಕಡಲಂಚಿನ ಉಪ್ಪುನೆಲದ ಒಂದು ಸೊಪ್ಪನ್ನು ತಿಂದು ಚೇತರಿಸಿಕೊಳ್ಳುತ್ತಿದ್ದರು. ಆ ಸೊಪ್ಪಿಗೆ ಸ್ಕರ್ವಿ ಹುಲ್ಲು ಎಂದೇ ಹೆಸರು ಬಿತ್ತು. ಅದರಲ್ಲಿದ್ದದ್ದು ಸಿ ಜೀವಸತ್ವವೆಂದು ಬಹಳ ಕಾಲದ ಮೇಲೆ ತಿಳಿಯಿತು. ನೋಡಿ, ಜನರ ಅನುಭವ ಅಲ್ಲಿ ನಿಜವಾಗಿತ್ತು.

ಆದರೆ ಬೇರೆ ಹತ್ತು ಮದ್ದುಗಳನ್ನೂ ಜನ ಅಷ್ಟೇ ನಂಬಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಊಟ ಎಲ್ಲರಿಗೂ ಒಂದೇ, ಮದ್ದು ಬೇರೆ ಬೇರೆ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ಉಪ್ಪುನೀರು, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಕಿತ್ತಳೆ ನಿಂಬೆ ತಿಂದವರು ಆರೇ ದಿನಗಳಲ್ಲಿ ಎದ್ದು ಓಡಾಡಿದರು. ಉಪ್ಪುನೀರು ಕುಡಿದವರು ಮಲಗಿದಲ್ಲೇ ಇದ್ದರು. ಹೀಗೆ ಎದುರುಬದುರು ಇಟ್ಟು ನೋಡಿದಾಗ ಮಾತ್ರ ನಿಜ ಹೊರಬೀಳುತ್ತದೆ. “ನಮ್ಮ ಚಿಕ್ಕಪ್ಪನಿಗೆ ಗುಣವಾಯಿತು” ಎಂಬುದು ಸುದ್ದಿ, ಪರೀಕ್ಷೆಯಲ್ಲ. ಇನ್ನೊಂದು ಮಾತನ್ನೂ ಗಮನಿಸಿ: ನಿಂಬೆರಸ ಕೊಡಬೇಕೆಂದು ಬ್ರಿಟಿಷ್ ನೌಕಾಪಡೆ ಅಪ್ಪಣೆ ಮಾಡಿದ್ದು 1795ರಲ್ಲಿ. ಮದ್ದು ಗೊತ್ತಾದ ಮೇಲೂ ಕೂಲಿಯವನ ಬಾಯಿಗೆ ಅದು ಬರಲು 48 ವರ್ಷ ಹಿಡಿಯಿತು.

ಈಗ ನಮ್ಮ ಖಾಡಿಗೆ ಬರೋಣ. ಮೋರಸ್ಸಿನ ಎಲೆ ಒಂದು ಗೋದಾಮು ಎಂದೆವಷ್ಟೆ. ಗೋದಾಮಿಗೆ ಉಪ್ಪು ಮಾತ್ರ ಬರುತ್ತದೆಯೇ? ಖಾಡಿಯಾಚೆ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಇಂಥದೇ ದಪ್ಪ ಎಲೆಯ, ನೆಲಕ್ಕೆ ಹಬ್ಬುವ ಒಂದು ಕಡಲಂಚಿನ ಗಿಡವನ್ನು ಅಭ್ಯಾಸ ಮಾಡಿದ್ದಾರೆ. ಇಂಥ ಗಿಡಗಳಿಗೆ ಮಣ್ಣಿನ ಉಪ್ಪನ್ನೂ ವಿಷಲೋಹವನ್ನೂ ಹೀರಿ ತಮ್ಮಲ್ಲಿ ಇಟ್ಟುಕೊಳ್ಳುವ ಶಕ್ತಿಯಿದೆ. ಕೆಟ್ಟ ನೆಲವನ್ನು ಶುದ್ಧಿ ಮಾಡಲು ಇವನ್ನು ಬೆಳೆಸಬಹುದೆಂದು ತಜ್ಞರು ಹೇಳುತ್ತಾರೆ. ಬಹಳ ಒಳ್ಳೆಯದು. ಆದರೆ ನೆಲ ಗುಡಿಸುವ ಪೊರಕೆಯನ್ನು ಯಾರಾದರೂ ಪಲ್ಯ ಮಾಡಿ ತಿನ್ನುತ್ತಾರೆಯೇ?

ಇದು ಬರೀ ಊಹೆಯಲ್ಲ. ಇಲ್ಲಿಂದ ಸ್ವಲ್ಪ ದೂರ, ಕಲ್ಯಾಣದಾಚೆ ಆಂಬಿವಲಿಯ ಬಳಿ ಕಾಳೂ ನದಿ ಹರಿಯುತ್ತದೆ. 1980ರ ಸುಮಾರಿಗೆ ಮುಂಬಯಿಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದಾಗ ಕಾರಖಾನೆಗಳ ನೀರು ಸೇರುವ ದಂಡೆಯ ಕಳೆಗಿಡಗಳಲ್ಲಿ ಪಾದರಸ ಕಂಡುಬಂತು. ಆ ಕಳೆಯನ್ನು ದನ ಮೇಯುತ್ತದೆ, ದನದ ಹಾಲನ್ನು ಮಕ್ಕಳು ಕುಡಿಯುತ್ತವೆ. ನದಿಯಿಂದ ಕಳೆಗೆ, ಕಳೆಯಿಂದ ಕೆಚ್ಚಲಿಗೆ ವಿಷ ನಡೆದುಹೋಗುವ ದಾರಿ ಅದು. ಅಂಬರನಾಥ, ಉಲ್ಲಾಸನಗರ ಹಾದು ಕಲ್ಯಾಣಕ್ಕೆ ಬರುವ ವಾಲಧುನಿಯ ಬಣ್ಣವನ್ನು ನೀವೇ ಕಂಡಿದ್ದೀರಿ. ಡೊಂಬಿವಲಿಯ ನಾಲೆಗಳ ವಾಸನೆಯನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಂಥ ಕೆಸರಿನಲ್ಲಿ ನಿಂತ ಗಿಡ ಎಷ್ಟೇ ಹಸುರಾಗಿದ್ದರೂ ಅದನ್ನು ತಿನ್ನಬಾರದು. ಮೈಮೇಲಿನ ಕೊಳೆ ತೊಳೆದರೆ ಹೋಗುತ್ತದೆ. ಎಲೆಯೊಳಗೆ ಸೇರಿದ ಲೋಹ ತೊಳೆದರೂ ಹೋಗದು, ಬೇಯಿಸಿದರೂ ಸಾಯದು.

ಈಗ ಮೊದಲು ಹೇಳದೆ ಬಿಟ್ಟ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಖೋಲಿಯಲ್ಲಿ ಎಂಟು ಜನ ಇದ್ದೆವು. ಅವರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಒಬ್ಬ ಅಣ್ಣ; ಕುಂದಾಪುರದ ಕಡೆಯವರು. ಅವರಿಗೆ ರಕ್ತದ ಒತ್ತಡ ಹೆಚ್ಚು, ಡಾಕ್ಟರರು ದಿನಕ್ಕೊಂದು ಗುಳಿಗೆ ಬರೆದಿದ್ದರು. ಗುಳಿಗೆ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಆದರೆ ತರಲು ಹೋದರೆ ಅರ್ಧ ದಿನ ಸಾಲು, ಅರ್ಧ ದಿನದ ಪಗಾರು ಕಡಿತ. ಅದೇ ಸಮಯಕ್ಕೆ ಲೋಕಲ್ಲಿನಲ್ಲಿ ಯಾರೋ ಹೇಳಿದ್ದನ್ನು ನಾವು ಕೇಳಿಕೊಂಡು ಬಂದೆವು: ಖಾಡಿಯ ಉಪ್ಪುಸೊಪ್ಪು ಬಿ.ಪಿ.ಗೆ ರಾಮಬಾಣವಂತೆ. ರಜೆಯ ದಿನ ಕೆಸರಿಗೆ ಇಳಿದು ಸೊಪ್ಪು ಕಿತ್ತು ತಂದವರು ನಾವೇ. ಅಣ್ಣ ಅದನ್ನು ಬೆಳಿಗ್ಗೆ ರಾತ್ರಿ ತಿಂದರು, ಗುಳಿಗೆ ನಿಲ್ಲಿಸಿದರು. “ಈಗ ಮೈ ಹಗುರಾಯ್ತು ಮಾರಾಯ್ರೆ” ಎಂದೂ ಹೇಳಿದರು. ಐದು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ಗಿರಾಕಿ ತುಂಬಿದ ಹೊತ್ತಿನಲ್ಲಿ ಹಿಟ್ಟಿನ ಸವುಟು ಅವರ ಬಲಗೈಯಿಂದ ಜಾರಿ ಕಾವಲಿಯ ಮೇಲೆ ಬಿತ್ತು. ಎತ್ತಿಕೊಳ್ಳಲು ಕೈ ಏಳಲಿಲ್ಲ, ಮಾತು ತೊದಲಿತು. ಲಕ್ವ ಹೊಡೆದಿತ್ತು.

ಅವರು ಬದುಕಿದ್ದಾರೆ. ಊರಿನಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಕಾವಲಿಯ ಮುಂದೆ ಮತ್ತೆ ನಿಲ್ಲಲಾಗಲಿಲ್ಲ. ಡಾಕ್ಟರರು ನಮಗೆ ಹೇಳಿದ್ದು ಎರಡೇ ಮಾತು: ಗುಳಿಗೆ ನಿಲ್ಲಿಸಿದ್ದು ತಪ್ಪು, ಉಪ್ಪು ಬಿಡಬೇಕಾದವನಿಗೆ ಉಪ್ಪಿನ ಗಿಡವನ್ನೇ ತಿನ್ನಿಸಿದ್ದು ಇನ್ನೊಂದು ತಪ್ಪು. ಒಬ್ಬ ಮನುಷ್ಯನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಣ್ಣ ಚಮಚೆಯಲ್ಲಿ ಒಂದು, ಮಟ್ಟಸವಾಗಿ. ಸಾಂಬಾರು, ಚಟ್ನಿ, ಉಪ್ಪಿನಕಾಯಿಯ ಮೇಲೆಯೇ ಬದುಕುವ ನಮಗೆ ಅದು ಮಧ್ಯಾಹ್ನದ ಊಟಕ್ಕೇ ಮುಗಿದುಹೋಗುತ್ತದೆ. ಊರಿಗೆ ಹೋದಾಗ ಅಣ್ಣನ ಮುಂದೆ ನಾವು ತಲೆ ತಗ್ಗಿಸಿ ಕೂತೆವು. ಅವರು, “ನೀವು ಒಳ್ಳೇದಕ್ಕೇ ತಂದದ್ದಲ್ದಾ ಮಕ್ಕಳೇ, ಬಿಡಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದು. ಈ ಗಿಡಗಳಲ್ಲಿ ಗುಣವಿರುವುದು ನಿಜ. ಗಿಡ ಯಾವುದು, ನಿಂತ ನೆಲ ಯಾವುದು, ತಿನ್ನುವವನ ಮೈಯಲ್ಲಿ ಏನಿದೆ, ಈ ಮೂರನ್ನೂ ತಿಳಿಯದೆ ತಿಂದರೆ ಆ ಗುಣವೇ ಮುಳುವಾಗುವುದೂ ನಿಜ. ನೆನಪಿನಲ್ಲಿಡಲು ಕೆಲವು ಮಾತು ಹೇಳುತ್ತೇವೆ.

ಒಂದು: ಮೋರಸ್ ಬೇಕಾದರೆ ನೀವೇ ಕೀಳಲು ಹೋಗಬೇಡಿ, ತಲೆಮಾರಿನಿಂದ ಅದನ್ನು ಬಲ್ಲ ಆಗ್ರಿ, ಕೋಳಿ ಹೆಂಗಸರ ಬಳಿ ಕೊಳ್ಳಿ. ಕೊಳ್ಳುವಾಗ “ಮಾವಶೀ, ಹೀ ಭಾಜಿ ಕುಠ್ಲಿ?” ಎಂದು ಕೇಳಿ. ಕಾರಖಾನೆ, ನಾಲೆಯ ಹತ್ತಿರದ್ದಾದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ತಂದದ್ದನ್ನು ಚೆನ್ನಾಗಿ ಬೇಯಿಸಿ, ನೀರು ಬಸಿದು ಚೆಲ್ಲಿ, ಕಡಲೆಬೇಳೆಯ ಜೊತೆ ಉಪ್ಪು ಹಾಕದೆ ಪಲ್ಯ ಮಾಡಿ. ಅಪರೂಪಕ್ಕೊಮ್ಮೆ ರುಚಿಗೆ ತಿನ್ನಿ, ಮದ್ದೆಂದು ದಿನವೂ ತಿನ್ನಬೇಡಿ. ಒತ್ತಡ, ಮೂತ್ರಪಿಂಡ, ಹೃದಯದ ರೋಗ ಇರುವವರು ಮುಟ್ಟಲೇಬೇಡಿ.

ಎರಡು: ಗುರುತಿಲ್ಲದ ಗಿಡ ಕೀಳಬೇಡಿ. ಖಾಡಿಯಲ್ಲಿ ಗೇವಾ ಎಂಬ ಮರವಿದೆ. ಅದರ ಬಿಳಿ ಹಾಲು ಕಣ್ಣಿಗೆ ಹಾರಿದರೆ ಕಣ್ಣು ಕಾಣದಂತಾಗುತ್ತದೆ, ಮೈಗೆ ತಗಲಿದರೆ ಬೊಬ್ಬೆ ಏಳುತ್ತದೆ. ತಗಲಿದರೆ ಕೂಡಲೇ ಧಾರಾಳ ಸಿಹಿನೀರಿನಲ್ಲಿ ತೊಳೆಯುತ್ತ ದವಾಖಾನೆಗೆ ಓಡಿ.

ಮೂರು: ತೊಗಟೆಗಾಗಿ, ಸೌದೆಗಾಗಿ ತಿವರವನ್ನು ಕಡಿಯಬೇಡಿ. ಮುಂಬಯಿ ಹೈಕೋರ್ಟು 2005ರಲ್ಲಿಯೇ ಈ ಕಾಡನ್ನು ನಾಶಮಾಡಬಾರದೆಂದು ಆಜ್ಞೆ ಮಾಡಿದೆ. ಠಾಣೆ ಖಾಡಿಯ ಒಂದು ಭಾಗ 2015ರಿಂದ ರಾಜಹಂಸಗಳ ಅಭಯಾರಣ್ಯ. 2022ರಲ್ಲಿ ಲೋಕದ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಾನೂನು ಹಾಗಿರಲಿ. ಉಬ್ಬರದ ನೀರನ್ನೂ ಮಳೆಯ ನೆರೆಯನ್ನೂ ತಡೆದು ನಿಲ್ಲುವುದು ಈ ಕಾಡೇ. ಅದು ಹೋದರೆ ಮೊದಲು ನೀರು ನುಗ್ಗುವುದು ದಿವಾ, ಕಳವಾದ ತಗ್ಗಿನ ಚಾಳುಗಳಿಗೆ, ಅಂದರೆ ನಮ್ಮ ಮನೆಗಳಿಗೆ. ಈ ಗಿಡಗಳಿಂದ ನಮ್ಮ ಆರೋಗ್ಯಕ್ಕೆ ಆಗುವ ಅತಿ ದೊಡ್ಡ ಉಪಕಾರ ಅವು ಕೆಸರಿನಲ್ಲಿ ಬೇರೂರಿ ನಿಂತಿರುವುದೇ.

ನಾಲ್ಕು: ಯಾವ ಸೊಪ್ಪು, ಯಾವ ಕಷಾಯ ತೆಗೆದುಕೊಂಡರೂ ಡಾಕ್ಟರರಿಗೆ ತಿಳಿಸಿ, ಗುಳಿಗೆ ನಿಲ್ಲಿಸಬೇಡಿ. ಕಳವಾದ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯ ನಗರಪಾಲಿಕೆ ಆಸ್ಪತ್ರೆ ನಮ್ಮಂಥವರಿಗಾಗಿಯೇ ಇವೆ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು ಪೂಜೆ ಮಾಡಬೇಡಿ.

ಕೊನೆಗೆ ಸಂಘದ ಮಾತು. ಅಣ್ಣ ಗುಳಿಗೆ ಬಿಟ್ಟದ್ದು ಮೂರ್ಖತನದಿಂದಲ್ಲ, ಅರ್ಧ ದಿನದ ಪಗಾರಿಗಾಗಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಅನ್ವಯಿಸುವ ಹೋಟೆಲುಗಳಲ್ಲಿ ವಾರದ ರಜೆಯೂ ಇದೆ, ವರ್ಷಕ್ಕೆ ಎಂಟು ದಿನ ಸಂಬಳಸಹಿತ ಆಕಸ್ಮಿಕ ರಜೆಯೂ ಇದೆ. ಇದು ಮಾಲಿಕನ ದಯೆಯಲ್ಲ, ನಮ್ಮ ಹಕ್ಕು. ನಮ್ಮ ಅಣ್ಣನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಒಬ್ಬನೇ ಹೋಗಿ ಕೇಳುವ ಧೈರ್ಯವಿರಲಿಲ್ಲ. ನಿಮಗೆ ಈಗ ಗೊತ್ತಾಯಿತು, ಮತ್ತು ನೀವು ಒಬ್ಬರೇ ಅಲ್ಲ. ದವಾಖಾನೆಯ ದಿನ ಪಗಾರು ಕಡಿಯುವ ಮಾಲಿಕನ ಹೆಸರನ್ನು ಸಂಘಕ್ಕೆ ತಿಳಿಸಿ. ನಾಲ್ಕು ಜನ ಕೂಡಿ ಹೋಗಿ ಮಾತಾಡೋಣ.

ಮುಂದಿನ ಕೂಟದಿಂದ ಬಾಗಿಲ ಬಳಿಯ ಮೇಜಿನ ಮೇಲೆ ರಕ್ತದ ಒತ್ತಡ ನೋಡುವ ಯಂತ್ರ ಇರುತ್ತದೆ. ಚಂದಾ ಕೊಡುವ ಮೊದಲು ತೋಳು ಕೊಡಿ. ಪ್ರಶ್ನೆ ಕೇಳಿದ ಹಿರಿಯರ ತೋಳನ್ನೇ ಮೊದಲು ನೋಡುತ್ತೇವೆ, ಎರಡನೆಯದು ನಮ್ಮದು.